ಕದ್ದ ಒಲವಿನ ಹಾಡು, ಹಾಡುವವರ ಪಾಡು

ಹೋಳಿ ಮುಗಿದು ಊರೂರಿಗೆ ಜಾತ್ರೆ ಶುರುವಾಗಿದೆ. ಅದಕ್ಕೇ ಇರಬೇಕು, ಈ ಸಲದ ಪತ್ರಗಳ ತುಂಬ ಹಾದರ, ಸವತಿ, ಕದ್ದ ಪ್ರೀತಿಯ ಹಾಡುಗಳೇ. ಹಾಡಬೇಕೋ ಬೇಡವೋ ಎಂದು ಕೇಳಿದವರು ಕೆಲವರು. ಹೇಗೆ ಹಾಡಬೇಕು ಎಂದು ಕೇಳಿದವರು ಹಲವರು. ಎರಡನೆಯವರಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ರಂಗಪಂಚಮಿ ದಿನ ‘ರಂಗ್ ಬರಸೇ’ ಇಲ್ಲದೆ ನಮ್ಮ ಓಣಿಯಲ್ಲಿ ಬಣ್ಣ ಏಳುವುದಿಲ್ಲ. ಈ ವರ್ಷ ಹಿಂದಿ ಬಲ್ಲ ಹಿರಿಯರೊಬ್ಬರು ‘ಅದು ಮಿಂಡನ ಹಾಡು, ಕಾಮಣ್ಣನ ಮುಂದ ಹಚ್ಚಬ್ಯಾಡ್ರಿ’ ಅಂದರು. ಖರೇನ್ರಿ?
— ಯುವಕ ಮಂಡಳದವರು, ಹಳೇ ಹುಬ್ಬಳ್ಳಿ

ಉತ್ತರ: ಖರೆ. ಹಿರಿಯರು ನಿಮಗಿಂತ ಗಮನವಿಟ್ಟು ಕೇಳಿದ್ದಾರೆ. ಬಂಗಾರದ ತಟ್ಟೆಯಲ್ಲಿ ಊಟ ಬಡಿಸಿದ್ದಾಳೆ, ಲವಂಗ ಏಲಕ್ಕಿ ಹಾಕಿ ಬೀಡಾ ಕಟ್ಟಿದ್ದಾಳೆ, ಮಲ್ಲಿಗೆಯ ಹಾಸಿಗೆ ಹಾಸಿದ್ದಾಳೆ. ಪ್ರತಿ ನುಡಿಯಲ್ಲೂ ಅದನ್ನು ಅನುಭವಿಸುವವನು ಗೆಳೆಯ, ಬಾಯಿ ಬಿಟ್ಟುಕೊಂಡು ನೋಡುವವನು ಗಂಡ. 1981ರ ‘ಸಿಲ್‌ಸಿಲಾ’ ಚಿತ್ರದಲ್ಲಿ ಬೇರೆ ಬೇರೆ ಮದುವೆಯಾದ ಹಳೆಯ ಪ್ರೇಮಿಗಳು ಹೋಳಿಯ ನೆಪದಲ್ಲಿ ಇದಕ್ಕೆ ಕುಣಿಯುತ್ತಾರೆ. ಆಕೆಯ ಗಂಡ, ಈತನ ಹೆಂಡತಿ ಅಲ್ಲೇ ಕೂತು ನೋಡುತ್ತಾರೆ. ಬರೆದವರು ಹರಿವಂಶರಾಯ್ ಬಚ್ಚನ್, ರಾಗ ಕಟ್ಟಿದವರು ಶಿವ್–ಹರಿ, ಹಾಡಿದವರು ಅಮಿತಾಭ್. ಕೂತು ನೋಡುವ ಆ ಇಬ್ಬರ ಮುಖ ತೆಗೆದುಬಿಟ್ಟರೆ ಉಳಿಯುವುದು ಬರೀ ಕುಣಿತ. ನಿಮ್ಮ ಓಣಿಯಲ್ಲಿ ಉಳಿದಿರುವುದೂ ಅಷ್ಟೇ.

ಬೇಡ ಅನ್ನುವುದಕ್ಕೆ ನಮಗೆ ಕಾರಣ ಕಾಣುವುದಿಲ್ಲ. ಕಾಮನ ಹಬ್ಬದಲ್ಲಿ ಪೋಲಿ ಮಾತಿಗೆ ಸಲಿಗೆ ಮೊದಲಿನಿಂದಲೂ ಇದೆ. ಆದರೆ ಸ್ಪೀಕರ್ ಬಿಟ್ಟು ಹಲಗಿಯ ಮೇಲೆ ಹಾಡಿ ನೋಡಿ, ಹಾಡಿನ ತುಂಟತನ ಆಗ ಹೊರಬೀಳುತ್ತದೆ. 8 ಮಾತ್ರೆಯ ಕೆಹರ್ವಾ ತಾಳ. ಮುಂದಾಳು ಒಬ್ಬನೇ ತಾಳವಿಲ್ಲದೆ ಎಳೆದು ಎತ್ತಬೇಕು, ಹಲಗಿ ಸುಮ್ಮನಿರಬೇಕು. ಗುಂಪು ಪಲ್ಲವಿ ಹಿಡಿದ ಮೇಲೇ ಏಟು. ಮೆರವಣಿಗೆಯಲ್ಲಿ ಆಗುವ ತಪ್ಪು ಒಂದೇ: ಎರಡನೆಯ ನುಡಿಗೆ ಬರುವಷ್ಟರಲ್ಲಿ ವೇಗ ಏರಿ, ‘ಗಂಡ ನೋಡುತ್ತಾ ಕೂತ’ ಎನ್ನುವ ಕೊನೆಯ ತುಂಡನ್ನು ಗುಂಪು ನುಂಗಿಬಿಡುತ್ತದೆ. ನಗೆ ಇರುವುದೇ ಆ ತುಂಡಿನಲ್ಲಿ. ಅಲ್ಲಿ ಹಲಗಿ ಒಂದು ಆವರ್ತ ನಿಲ್ಲಲಿ. ಬಣ್ಣದ ನೀರು ಬಿದ್ದರೆ ಚರ್ಮ ಸಡಿಲಾಗಿ ಹಲಗಿ ಬೊದಬೊದ ಅನ್ನುತ್ತದೆ. ಒಂದು ಹಲಗಿ ಬಾರಿಸುವಾಗ ಇನ್ನೊಂದು ಬೆಂಕಿಯ ಕಾವಿನಲ್ಲಿರಲಿ. ಉರಿಗೆ ತಾಗಿಸಬೇಡಿ, ಚರ್ಮ ಸುಟ್ಟು ಸೀಳುತ್ತದೆ.

ಪ್ರಶ್ನೆ: ಜಾತ್ರೆಗೆ ‘ಸಂಗ್ಯಾ ಬಾಳ್ಯಾ’ ಆಡಿಸಬೇಕೆಂದಿದ್ದೇವೆ. ಬೆಳತನಕ ಕೂಡುವ ಮಂದಿ ಈಗಿಲ್ಲ, ಎರಡು ತಾಸಿಗೆ ಇಳಿಸಬೇಕು. ಗಂಗಾನ ಪಾತ್ರಕ್ಕೆ ಈ ಸಲ ಹೆಣ್ಣುಮಗಳೇ ಸಿಕ್ಕಿದ್ದಾರೆ. ಆದರೆ ಸಂಗ್ಯಾ ಹಾಡಿದ ಶ್ರುತಿಗೆ ಆಕೆಯ ದನಿ ಕೂಡುತ್ತಿಲ್ಲ. ‘ಹಾದರದ ಆಟ ಯಾಕ್ ಬೇಕು’ ಎಂಬ ಮಾತೂ ಎದ್ದಿದೆ.
— ರೋಣ ತಾಲ್ಲೂಕಿನ ಒಂದು ಊರಿನಿಂದ

ಉತ್ತರ: ಮೊದಲು ಶ್ರುತಿ, ಯಾಕೆಂದರೆ ಆಟ ಕೆಡುವುದು ಅಲ್ಲಿಂದಲೇ. ಗಂಡಸರೇ ಗಂಗಾ ಆಗುತ್ತಿದ್ದಾಗ ಎಲ್ಲರಿಗೂ ಪೇಟಿಯ (ಹಾರ್ಮೋನಿಯಂ) ಕಪ್ಪು ಮನೆ 1 ಅಥವಾ 2 ಸಾಗುತ್ತಿತ್ತು. ಹೆಣ್ಣುದನಿಗೆ ಅದು ತೀರಾ ಕೆಳಗೆ. ಆಕೆ ಗಂಟಲೊಳಗೇ ಹಾಡಬೇಕಾಗುತ್ತದೆ, ಹಿಂದಿನ ಸಾಲಿಗೆ ಮಾತು ಮುಟ್ಟುವುದಿಲ್ಲ. ಇಬ್ಬರನ್ನೂ ನಡುವಿನ ಒಂದು ಶ್ರುತಿಗೆ ಎಳೆದರೆ ಇಬ್ಬರೂ ಕೆಡುತ್ತಾರೆ. ಸಂಗ್ಯಾನಿಗೆ ಕಪ್ಪು 1 ಇರಲಿ, ಗಂಗಾಗೆ ಕಪ್ಪು 4. ಅವನ ಪಂಚಮವೇ ಆಕೆಯ ಷಡ್ಜ. ಸವಾಲು–ಜವಾಬಿನಲ್ಲಿ ಅವನ ಸಾಲು ಮುಗಿಯುವಾಗ ಪೇಟಿಯವರು ಪಂಚಮವನ್ನು ಒಂದು ಆವರ್ತ ಒತ್ತಿ ಹಿಡಿದರೆ ಆಕೆಗೆ ತನ್ನ ಸಾ ಕಿವಿಗೇ ಬಂದು ಕೂಡುತ್ತದೆ. ತಬಲಾ ಕಪ್ಪು 4ಕ್ಕೇ ಕೂಡಿಸಿ: ಗಂಡಿನ ಹಾಡಿಗೆ ಅದು ಪಂಚಮ, ಹೆಣ್ಣಿನ ಹಾಡಿಗೆ ಷಡ್ಜ. ನಡುವೆ ಸುತ್ತಿಗೆ ಹಿಡಿಯುವ ಕೆಲಸವೇ ಇಲ್ಲ. ಹಿಮ್ಮೇಳದಲ್ಲಿ ಸಾಲಿನ ಕೊನೆ ಎತ್ತಿ ಹಿಡಿಯಲು ಮೂವರಾದರೂ ಬೇಕು, ಅವರಲ್ಲಿ ಒಬ್ಬರು ಹೆಣ್ಣುದನಿಯವರಾಗಿರಲಿ. ಇಲ್ಲದಿದ್ದರೆ ಗಂಗಾನ ಹಾಡಿನ ಬಾಲ ಒಂದು ಸ್ಥಾಯಿ ಕೆಳಗೆ ಬಿದ್ದು ಅಲ್ಲಿಗೇ ರಸ ಸೋರುತ್ತದೆ.

ಇನ್ನು ಕತ್ತರಿ. ಎರಡು ತಾಸೆಂದರೆ 120 ನಿಮಿಷ. ಸ್ತುತಿಗೆ 5, ಸಂಗ್ಯಾ ಮತ್ತು ಗಂಗಾನ ಗಂಡ ಈರಣ್ಣರ ಗೆಳೆತನಕ್ಕೆ 20, ಈರಣ್ಣ ವ್ಯಾಪಾರಕ್ಕೆ ಹೊರಡುವುದಕ್ಕೆ 10, ಕುಂಟಲಗಿತ್ತಿ (ಕದ್ದ ಕೂಟಕ್ಕೆ ನಡುವೆ ಓಡಾಡುವ) ಮುದುಕಿಯ ಓಡಾಟಕ್ಕೂ ಗಂಗಾನ ಮನಸ್ಸು ಹೊಯ್ದಾಡುವುದಕ್ಕೂ ಕೂಡಿ 35, ಸಂಗ್ಯಾನ ಗೆಳೆಯ ಬಾಳ್ಯಾ ಅವನಿಗೇ ತಿರುಗಿ ಬೀಳುವುದಕ್ಕೆ 30, ಕೊನೆಗೆ 20. ಹಾಸ್ಯದವನ ಬಿಡಿ ಪ್ರಸಂಗ ಹಾರಿಸಿದರೆ ನಷ್ಟವಿಲ್ಲ. ಪದಗಳಲ್ಲಿ ನುಡಿ ಕಡಿಮೆ ಮಾಡಿ, ಪದವನ್ನೇ ತೆಗೆಯಬೇಡಿ; ನಾಲ್ಕು ನುಡಿಯ ಜಾಗದಲ್ಲಿ ಮೊದಲನೆಯದು ಮತ್ತು ಕೊನೆಯದು ಹಾಡಿದರೂ ಕತೆ ನಡೆಯುತ್ತದೆ.

ಈಗಿನ ತಂಡಗಳು ಎಡವುವುದು ಈರಣ್ಣ ಹೊರಡುವ ದೃಶ್ಯದಲ್ಲಿ. ಅದು ಕಾಗದದ ಮೇಲೆ ಸಪ್ಪೆಯಾಗಿ ಕಾಣುತ್ತದೆ, ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಆದರೆ ಮನೆ ನಿನ್ನ ಕೈಯಲ್ಲಿದೆ ಎಂದು ಗೆಳೆಯನಿಗೆ ನಂಬಿಕೊಟ್ಟು ಹೋದವನನ್ನು ಮಂದಿ ಕಣ್ಣಾರೆ ನೋಡಿರದಿದ್ದರೆ, ಆಮೇಲೆ ಸಂಗ್ಯಾ–ಗಂಗಾ ಹಾಡುವ ಪದ ಬರೀ ಪ್ರೇಮಗೀತೆಯಾಗುತ್ತದೆ, ಸಿಳ್ಳೆ ಬೀಳುತ್ತದೆ. ನೋಡಿದ್ದರೆ ಅದೇ ಪದಕ್ಕೆ ಮಂದಿ ಗಪ್ಪಾಗುತ್ತಾರೆ. ಹಾಗಾಗಿ ಆ ಹತ್ತು ನಿಮಿಷ ಬಿಡಬೇಡಿ. ಗಂಗಾ ಆ ದೃಶ್ಯದಲ್ಲಿ ಮಾತಿಲ್ಲದೆ ಬಾಗಿಲಲ್ಲಿ ನಿಂತಿರಲಿ, ಸಾಕು.

‘ಯಾಕ್ ಬೇಕು’ ಅಂದವರಿಗೆ: ಬೈಲಹೊಂಗಲದ ಕಡೆ ನಡೆದದ್ದೆಂದು ಹೇಳುವ ಘಟನೆಯ ಮೇಲೆ ಕಟ್ಟಿದ ಸಣ್ಣಾಟ ಇದು. ದೇವರ ಕತೆ ಬಿಟ್ಟು ಊರೊಳಗಿನ ಮನೆಯ ಕತೆ ಹೇಳುತ್ತದೆ. ಇಲ್ಲಿ ದೊಡ್ಡ ದ್ರೋಹ ಯಾವುದು ಎಂಬುದರ ಮೇಲೆ ಒಂದೊಂದು ಊರು ಒಂದೊಂದು ಮಾತಾಡುತ್ತದೆ. ಗಂಗಾ ಗಂಡನಿಗೆ ಮಾಡಿದ್ದೋ, ಸಂಗ್ಯಾ ಗೆಳೆಯನಿಗೆ ಮಾಡಿದ್ದೋ, ಸಂಗ್ಯಾನ ಜೀವದ ಗೆಳೆಯ ಬಾಳ್ಯಾ ಅವನನ್ನೇ ಸಾವಿನ ಬಾಯಿಗೆ ಕೊಟ್ಟದ್ದೋ? ಹೆಸರಿನಲ್ಲಿ ಗಂಗಾ ಇಲ್ಲ, ಇಬ್ಬರು ಗಂಡಸರಿದ್ದಾರೆ. ಅದನ್ನೊಂದು ಸಲ ಪಂಚರ ಮುಂದೆ ಹೇಳಿ ನೋಡಿ.

ಪ್ರಶ್ನೆ: ಇಂಗ್ಲಿಷಿನ ‘ಜೋಲೀನ್’ ಹಾಡಿನಲ್ಲಿ ಹೆಂಡತಿ ಇನ್ನೊಬ್ಬಳಿಗೆ ‘ನನ್ನ ಗಂಡನನ್ನು ಒಯ್ಯಬೇಡ’ ಎಂದು ಬೇಡಿಕೊಳ್ಳುತ್ತಾಳೆ. ನಮ್ಮಲ್ಲಿ ಅಂಥದ್ದಿದೆಯೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಡಾಲಿ ಪಾರ್ಟನ್ 1973ರಲ್ಲಿ ಹಾಡಿದ್ದು. ಅದರ ಬಲ ಇರುವುದು ಯಾರಿಗೆ ಹೇಳುತ್ತಾಳೆ ಎಂಬುದರಲ್ಲಿ. ಬೈಗುಳವಿಲ್ಲ, ಎದುರಿನವಳ ಚೆಲುವನ್ನು ಹೊಗಳುತ್ತಲೇ ಬೇಡುತ್ತಾಳೆ. ನಮ್ಮ ಕಡೆಯ ಸವತಿ ಹಾಡುಗಳ ಮುಖ ಬೇರೆ ಕಡೆ ತಿರುಗಿರುತ್ತದೆ. ಬೀಸುವಾಗ ಹಾಡಿದರೆ ದೂರು ಹಡೆದವ್ವನಿಗೆ, ದೇವರಿಗೆ, ಇಲ್ಲವೇ ಬೀಸುವ ಕಲ್ಲಿಗೆ. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಹೂವು ರುಕ್ಮಿಣಿಯ ಮುಡಿಗೆ ಹೋದಾಗ ಸತ್ಯಭಾಮೆ ಸಿಟ್ಟು ತೀರಿಸಿಕೊಳ್ಳುವುದು ಕೃಷ್ಣನ ಮೇಲೆ. ಸವತಿಯ ಕೈ ಹಿಡಿದು ಬೇಡುವ ಹಾಡು ನಮ್ಮಲ್ಲಿ ಅಪರೂಪ. ನೀವೇ ಬರೆಯಬಹುದಲ್ಲ!

ಪ್ರಶ್ನೆ: ಗುರುಗಳು ಖಮಾಜ್ ರಾಗದಲ್ಲಿ ಒಂದು ಠುಮರಿ ಕೊಟ್ಟಿದ್ದಾರೆ, ದೀಪಚಂದಿ ತಾಳ. ‘ಸೌತನ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸಿಟ್ಟೇ ತೋರಿಸಬೇಕೇ? 12 ನಿಮಿಷ ಕೊಟ್ಟಿದ್ದಾರೆ.
— ಸಂಗೀತ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸೌತನ್ ಅಂದರೆ ಸವತಿ. ರಾತ್ರಿಯೆಲ್ಲ ಬೇರೆಲ್ಲೋ ಕಳೆದು ಬೆಳಗ್ಗೆ ಬಂದವನನ್ನು ಬಾಗಿಲಲ್ಲೇ ತಡೆದು ಕೇಳುವವಳು ‘ಖಂಡಿತಾ’ ನಾಯಿಕೆ, ಅಷ್ಟ ನಾಯಿಕೆಯರಲ್ಲಿ ಒಬ್ಬಳು. ಜಯದೇವನ ‘ಗೀತಗೋವಿಂದ’ದ ಹದಿನೇಳನೆಯ ಅಷ್ಟಪದಿಯಲ್ಲಿ ರಾಧೆ ಮಾಧವನಿಗೆ ‘ಹೋಗು’ ಅನ್ನುವುದೂ ಇದೇ ನೆಲೆಯಿಂದ. ಬರೀ ಸಿಟ್ಟಾದರೆ ಎರಡು ನಿಮಿಷಕ್ಕೆ ಹಾಡು ಮುಗಿಯಿತು. ಒಂದೇ ಮಾತನ್ನು ಒಮ್ಮೆ ಕೊಂಕಾಗಿ, ಒಮ್ಮೆ ದಣಿದು, ಒಮ್ಮೆ ನಿಜವಾಗಿಯೂ ತಿಳಿಯದವಳಂತೆ ಕೇಳಬೇಕು. ಬೋಲ್ ಬನಾವ್ ಅಂದರೆ ಅಷ್ಟೇ.

12 ನಿಮಿಷದಲ್ಲಿ ಆಲಾಪಕ್ಕೆ 1, ಸ್ಥಾಯಿಗೆ 5, ಅಂತರಾಕ್ಕೆ 3, ಲಗ್ಗಿಗೆ 2, ಮುಗಿತಾಯಕ್ಕೆ 1. ದೀಪಚಂದಿ 14 ಮಾತ್ರೆ, 3–4–3–4, ಖಾಲಿ (ಏಟಿಲ್ಲದೆ ಕೈ ಬೀಸುವ ಜಾಗ) 8ಕ್ಕೆ. ಮುಖಡಾ (ಮರಳಿ ಮರಳಿ ಹಿಡಿಯುವ ಮೊದಲ ತುಂಡು) ಎಲ್ಲಿಂದ ಏಳುತ್ತದೋ ಅಲ್ಲಿಗೆ ಬರುವಷ್ಟು ಉಸಿರು ಉಳಿಸಿಕೊಂಡೇ ಮಾತು ಬೆಳೆಸಿ. ಖಮಾಜದ ಏರಿಕೆಯಲ್ಲಿ ರಿಷಭವಿಲ್ಲ, ನಿಷಾದ ಶುದ್ಧ. ಇಳಿಯುವಾಗ ನಿಷಾದ ಕೋಮಲ. ಠುಮರಿಯಲ್ಲಿ ಕೋಮಲ ಗಾಂಧಾರ ಕದ್ದು ಮುಟ್ಟಲು ಸಲಿಗೆಯಿದೆ. ಆ ಸಲಿಗೆಯನ್ನು ಕಂಡಕಂಡಲ್ಲಿ ಖರ್ಚು ಮಾಡದೆ ಇಡೀ ಹಾಡಿನಲ್ಲಿ ಎರಡೇ ಸಲ, ಅದೂ ‘ಸೌತನ್’ ಮೇಲೇ ಮುಟ್ಟಿ ನೋಡಿ. ಲಗ್ಗಿಯಲ್ಲಿ ತಬಲಾ ಕೆಹರ್ವಾಕ್ಕೆ ಇಳಿದು ಓಡುತ್ತದೆ, ನೀವು ಓಡಬಾರದು. ಮುಖಡಾ ಹಿಡಿದು ನಿಂತಿರಿ. ಅದು ತಬಲಜಿಯ ಹೊತ್ತು.

ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಕಾಣುವ ತೊಡಕು ಖಯಾಲಿನ ಶಿಸ್ತಿನದು. ಗಂಗೂಬಾಯಿ ಹಾನಗಲ್ಲರೂ ಮೊದಮೊದಲು ಠುಮರಿ ಹಾಡಿ, ಆಮೇಲೆ ಅದನ್ನು ಬಿಟ್ಟು ಖಯಾಲಿಗೇ ನಿಂತರು. ಆ ನೆಲದಲ್ಲಿ ಕಲಿತ ಗಂಟಲು ಸ್ವರ ಹಿಡಿದು ಬಡತ್ ಮಾಡುತ್ತದೆ, ಅಂದರೆ ರಾಗವನ್ನು ಒಂದೊಂದೇ ಸ್ವರವಾಗಿ ಬೆಳೆಸುತ್ತದೆ, ಮಾತು ಹಿಂದೆ ಬೀಳುತ್ತದೆ. ಸಾಧನೆಗೆ ಕೂಡುವ ಮೊದಲು ಸಾಲನ್ನು ಸ್ವರವಿಲ್ಲದೆ ಹತ್ತು ಸಲ ಮಾತಾಡಿ. ಮಾತಿನ ಏರಿಳಿತವೇ ಅರ್ಧ ದಾರಿ ತೋರಿಸುತ್ತದೆ.

ಪ್ರಶ್ನೆ: ಮದುವೆ ಆರ್ಕೆಸ್ಟ್ರಾದಲ್ಲಿ ಶರೀಫಜ್ಜರ ‘ಸ್ನೇಹ ಮಾಡಬೇಕಿಂಥವಳ’ ಹಾಡಿದ್ದಕ್ಕೆ ಒಬ್ಬರು ‘ಇದೇನ್ ಹಾಡಂತ ಹಾಡ್ತೀರಿ’ ಎಂದು ರೇಗಿದರು. ತಪ್ಪಾಯಿತೇ?
— ಗಾಯಕ, ಶಿಗ್ಗಾಂವಿ

ಉತ್ತರ: ಶಿಶುನಾಳದ ಮಗ್ಗುಲಲ್ಲಿದ್ದು ನೀವೇ ಅಂಜಿದರೆ ಹೇಗೆ? ಮೇಲ್ನೋಟಕ್ಕೆ ಅದು ಕೂಡಿಕೆಯ ಹೆಣ್ಣನ್ನು ಹೊಗಳುವ ಹಾಡೇ. ತತ್ವಪದ ಹಾಡುವವರು ಆ ‘ಇಂಥವಳ’ನ್ನು ಅರಿವೆಂದು, ಮುಕ್ತಿಯೆಂದು ಹಿಡಿಯುತ್ತಾರೆ. ಶರೀಫರು (1819–1889) ಹೆಂಡತಿ, ಮುದುಕಿ, ಕೋಳಿ, ಹಾವು ಯಾವುದನ್ನೂ ಬಿಟ್ಟವರಲ್ಲ. ನಿಮ್ಮ ತಪ್ಪು ಹಾಡಿನದಲ್ಲ, ಕೀಬೋರ್ಡಿನದು ಇರಬಹುದು. ಪ್ಯಾಡ್ ಹಾಕಿ ಐಟಂ ಹಾಡಿನ ಬೀಟ್ ಕೊಟ್ಟರೆ ಮೇಲ್ನೋಟವಷ್ಟೇ ಕೇಳಿಸುತ್ತದೆ. ಏಕತಾರಿ, ದಮ್ಮಡಿ, ತಾಳ ಮೂರೇ ಇಟ್ಟುಕೊಂಡು ನಡಿಗೆಯ ವೇಗದಲ್ಲಿ ಹಾಡಿ, ಯಾರೂ ರೇಗುವುದಿಲ್ಲ.

ಮದುವೆಯಲ್ಲಿ ನಿಜವಾಗಿ ಬಿಡಬೇಕಾದದ್ದು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’. ನಲ್ಲ ನಲ್ಲೆಯರ ನೋಟವೆಂದುಕೊಂಡು ಅದನ್ನು ಮದುವೆ ಮನೆಗಳಲ್ಲೂ ಹಾಡುತ್ತಾರೆ. ಅದು ಮಗು ಸತ್ತ ಮನೆಯಲ್ಲಿ ಗಂಡ ಹೆಂಡತಿಗೆ ಹೇಳುವ ಮಾತು.

ಪ್ರಶ್ನೆ: ಜಾನಪದ ಹಾಡು ಬರೆದು ಸ್ಟುಡಿಯೋದಲ್ಲಿ ಹಾಡಿಸುತ್ತೇನೆ. ‘ಗೆಳತಿಗಿ ಮದವಿ ಆತು, ಆದ್ರೂ ಮರಿಯಾಕಾಗವಲ್ದು’ ಅನ್ನೋ ಹಾಡಿಗೇ ಡಿಜೆಯವರ ಬೇಡಿಕೆ. ಆದರೆ ನನ್ನ ಎಲ್ಲ ಹಾಡೂ ಒಂದೇ ಥರ ಆಗಾಕತ್ತಾವ. ಏನು ಮಾಡಲಿ?
— ನವಲಗುಂದ ತಾಲ್ಲೂಕು

ಉತ್ತರ: ನೀವು ಕಳಿಸಿದ ಮೂರು ಹಾಡುಗಳಲ್ಲೂ ಹುಡುಗನೇ ಮಾತಾಡುತ್ತಾನೆ, ಹುಡುಗಿಗೆ ಬೈಯುತ್ತಾನೆ, ಕುಡಿಯುತ್ತಾನೆ. ಒಂದೇ ಥರ ಆಗುವುದು ಇದಕ್ಕೇ. ಮಾತಾಡುವವರನ್ನು ಬದಲಿಸಿ. ಮದುವೆಯಾಗಿ ಹೋದ ಆಕೆಯೇ ಹಾಡಲಿ, ಇಲ್ಲವೇ ಇಬ್ಬರ ನಡುವೆ ಚೀಟಿ ಒಯ್ಯುತ್ತಿದ್ದ ಗೆಳೆಯ ಹಾಡಲಿ. ಎರಡನೆಯದು: ‘ಮೋಸ’, ‘ದಿಲ್’, ‘ಲವ್’ ಈ ಮೂರು ಮಾತಿಲ್ಲದೆ ಒಂದು ಹಾಡು ಬರೆದು ನೋಡಿ. ಆಗ ಕಣ್ಣಿಗೆ ಕಾಣುವ ವಸ್ತು ಬರಲೇಬೇಕಾಗುತ್ತದೆ.

ಅಳತೆಗೆ ತ್ರಿಪದಿ ಹಿಡಿಯಿರಿ. ಒಟ್ಟು 11 ಗಣ: 4, 4, 3. ಅದರಲ್ಲಿ 6ನೆಯದೂ 10ನೆಯದೂ ಚಿಕ್ಕವು, ಉಳಿದವು ದೊಡ್ಡವು. ಬಾಯಿಲೆಕ್ಕಕ್ಕೆ ದೊಡ್ಡದನ್ನು 5 ಮಾತ್ರೆ, ಚಿಕ್ಕದನ್ನು 3 ಮಾತ್ರೆ ಎಂದುಕೊಂಡರೆ ಸಾಕು. ಮೂರೂ ಸಾಲಿನ ಎರಡನೆಯ ಅಕ್ಷರ ಕೂಡಿದರೆ ಪ್ರಾಸ. ಮಾದರಿಗೊಂದು ಕಟ್ಟಿ ಕೊಟ್ಟಿದ್ದೇವೆ:

ಹಳಿದಾಟಿ ಬಂದಾಕಿ ಕಂಡೂನು ಕಾಣ್ದಂಗ
ಚಳಿಯೆಂದು ಸೆರಗ ಹೊದ್ದಾಳ ಕೈಯಾನ
ಬಳಿಯಷ್ಟ ನಕ್ಕು ಹೋದಾವ

‘ಸೆರಗ’, ‘ನಕ್ಕು’ ಈ ಎರಡೇ ಚಿಕ್ಕ ಗಣ. ರಾಗ ತುಸು ಎಡವಿ ನಿಲ್ಲುವುದು ಅಲ್ಲೇ, ಕೇಳುವವರ ಎದೆ ಝಲ್ ಅನ್ನುವುದೂ ಅಲ್ಲೇ. ಆ ಎರಡು ಜಾಗದಲ್ಲಿ ಬಿರುಸಿನ ಮಾತು ತುಂಬಬೇಡಿ. ಕೆಹರ್ವಾಕ್ಕೆ ಕೂಡಿಸುವಾಗ ಕೀಬೋರ್ಡಿನವರು ಈ ಕುಂಟನ್ನು ಎಳೆದು ಸಮ ಮಾಡಿಬಿಡುತ್ತಾರೆ. ಬಿಡಬೇಡಿ, ಅಲ್ಲೊಂದು ಮಾತ್ರೆ ಖಾಲಿ ಇರಲಿ ಎಂದು ಹೇಳಿ. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿ ನಾಲ್ಕು ಸಾಲಿನ ಅಳತೆ ಮಾಡಿಕೊಂಡರೆ ಟ್ರ್ಯಾಕಿಗೆ ಸರಿಹೋಗುತ್ತದೆ.

ಒಂದು ಎಚ್ಚರ. ನಿಮ್ಮ ಎರಡನೆಯ ಹಾಡಿನಲ್ಲಿ ಹುಡುಗಿಯ ಹೆಸರು, ಗಂಡನ ಊರು, ಅವನ ಟ್ರ್ಯಾಕ್ಟರಿನ ಬಣ್ಣ ಎಲ್ಲ ಇದೆ. ಗುರುತು ಹತ್ತುವಂತಿದ್ದರೆ ಅದು ಹಾಡಾಗಿ ಉಳಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಮಾನಹಾನಿಗೆ ಎರಡು ವರ್ಷದವರೆಗೆ ಸಜೆಯಿದೆ. ಅದಕ್ಕಿಂತ ಮೊದಲು, ಆ ಹಾಡು ಆಕೆಯ ಅತ್ತೆಮನೆಯ ಮುಂದಿನ ಮೆರವಣಿಗೆಯಲ್ಲೇ ಮೊಳಗಬಹುದು ಎಂಬುದನ್ನು ನೆನೆಯಿರಿ. ತೆಗೆಯಿರಿ.

ಪ್ರಶ್ನೆ: ಗೀಗೀ ಮೇಳದಲ್ಲಿ ನಮ್ಮದು ನಾಗೇಶಿ ಕಡೆ. ಹರದೇಶಿಯವರು ಪ್ರತಿ ಸಲ ‘ಹೆಣ್ಣು ನಂಬಿ ಕೆಟ್ಟರು’ ಎಂದೇ ಎತ್ತುತ್ತಾರೆ. ಜವಾಬು ಹೇಗೆ ಕೊಡಬೇಕು?
— ಹಾವೇರಿ ಜಿಲ್ಲೆಯ ಒಂದು ಮೇಳ

ಉತ್ತರ: ಗಂಡಿನ ಪಕ್ಷ ಹರದೇಶಿಯದು, ಹೆಣ್ಣಿನ ಪಕ್ಷ ನಾಗೇಶಿಯದು, ಪುರಾಣ ಇಬ್ಬರಿಗೂ ಒಂದೇ. ಅವರು ಅಹಲ್ಯೆಯನ್ನು ತಂದರೆ ನೀವು ವೇಷ ಹಾಕಿ ಬಂದ ಇಂದ್ರನನ್ನು ಹಿಡಿಯಿರಿ: ಬಾಗಿಲು ತೆರೆದವಳು ಕಲ್ಲಾದಳು, ವೇಷ ಹಾಕಿದವನು ಮರಳಿ ಗದ್ದುಗೆ ಏರಿದ. ಚಂದ್ರ ಗುರುಪತ್ನಿ ತಾರೆಯನ್ನು ಒಯ್ದದ್ದು ಇನ್ನೂ ಗಟ್ಟಿ ಸರಕು, ಅದನ್ನು ಮೊದಲೇ ಬಿಚ್ಚದೆ ನಡುರಾತ್ರಿಯ ಸುತ್ತಿಗೆ ಇಟ್ಟುಕೊಳ್ಳಿ. ಎದುರು ಮೇಳದವರ ಮನೆಯ ಮಾತು ಮಾತ್ರ ಎತ್ತಬೇಡಿ. ಅಲ್ಲಿಗೆ ವಾದ ಹೋಗಿ ಜಗಳ ಆಯಿತು. ತುಂತುಣಿಯ ತಂತಿ ರಾತ್ರಿ ಕಳೆದಂತೆ ಶ್ರುತಿ ತಪ್ಪಬಹುದು, ಪ್ರತಿ ಸುತ್ತಿಗೂ ಮೊದಲು ನೋಡಿ. ದನಿ ಏರಿಸಲು ಹೋಗಿ ಶ್ರುತಿ ತಪ್ಪಿದರೆ ಎಷ್ಟು ಒಳ್ಳೆಯ ಜವಾಬೂ ಸೋತಂತೆಯೇ ಕೇಳಿಸುತ್ತದೆ.

ಪ್ರಶ್ನೆ: ಇಂಥ ಹಳೆಯ ಹಾಡುಗಳನ್ನು ಹಾಡಿ ಯೂಟ್ಯೂಬಿಗೆ ಹಾಕಲು ಅನುಮತಿ ಬೇಕೇ?
— ಗದಗ

ಉತ್ತರ: ಶರೀಫರ ಪದಕ್ಕೆ, ಬೀಸುವ ಹಾಡಿಗೆ ಬೇಡ. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981, ಅಂದರೆ 2041 ಮುಗಿಯುವವರೆಗೆ. ಸಿನಿಮಾ ಹಾಡಿನ ಧ್ವನಿಮುದ್ರಣಕ್ಕೆ ಹೊರಬಂದಲ್ಲಿಂದ 60 ವರ್ಷ. ಸಾಹಿತ್ಯ, ಸಂಗೀತದ ಲೆಕ್ಕ ಬೇರೆ. ಮದುವೆ ಮನೆಯಲ್ಲಿ ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿಯಿದೆ. ಅದನ್ನೇ ಚಿತ್ರೀಕರಿಸಿ ಏರಿಸಿದರೆ ಆ ವಿನಾಯಿತಿ ಹಿಂದೆ ಬರುವುದಿಲ್ಲ.

ಪ್ರಶ್ನೆ: ಹಾಡು ಕೇಳಿಯೇ ರಾಣಿಯೊಬ್ಬಳು ಮನಸ್ಸು ಕೊಟ್ಟ ಕತೆ ಕನ್ನಡದಲ್ಲಿದೆಯಂತೆ. ಯಾವುದು?
— ನಿವೃತ್ತ ಶಿಕ್ಷಕರು, ಅಣ್ಣಿಗೇರಿ

ಉತ್ತರ: ಜನ್ನನ ‘ಯಶೋಧರ ಚರಿತೆ’, 1209. ರಾತ್ರಿಯಲ್ಲಿ ಆನೆಯ ಲಾಯದ ಕಡೆಯಿಂದ ದನಿಯೊಂದು ತೇಲಿ ಬರುತ್ತದೆ. ಅರಸನ ಮಗ್ಗುಲಲ್ಲಿದ್ದ ಅಮೃತಮತಿ ಅದಕ್ಕೆ ಸೋಲುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಮಾವುತ, ನೋಡಲು ತೀರಾ ಕುರೂಪಿ. ಅವನು ಆಕೆಗಾಗಿ ಹಾಡಿದ್ದಲ್ಲ, ತನ್ನ ಪಾಡಿಗೆ ಹಾಡಿಕೊಂಡದ್ದು. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ಇದೇ ಕತೆ ಹಿಡಿದು ‘ಹಿಟ್ಟಿನ ಹುಂಜ’ ನಾಟಕ ಬರೆದರು. ಆಡಿಸುವ ಮನಸ್ಸಿದ್ದರೆ ಒಂದು ಮಾತು: ಮಾವುತನ ಪಾತ್ರಕ್ಕೆ ಚೆಲುವನನ್ನು ಹುಡುಕಬೇಡಿ, ಗಂಟಲು ಹುಡುಕಿ. ಮೊದಲ ಹಾಡನ್ನು ಮೈಕಿಲ್ಲದೆ ರಂಗದ ಹಿಂದಿನಿಂದಲೇ ಹಾಡಿಸಿ.